ಕ್ಯಾಚ್ ಬಿಟ್ಟವನೊಬ್ಬ, ರನ್ ಬಿದ್ದದ್ದು ಇನ್ನೊಬ್ಬನ ಖಾತೆಗೆ

ಕ್ರಿಕೆಟ್ ಸ್ಕೋರ್‌ಬುಕ್ಕಿನಲ್ಲಿ ಕ್ಯಾಚ್ ಹಿಡಿದವನ ಹೆಸರು ಬರೆಯೋಕೆ ಜಾಗ ಇದೆ. ಬಿಟ್ಟವನ ಹೆಸರಿಗೆ ಇಲ್ಲ. ಕ್ಯಾಚ್ ಕೈಜಾರಿದ ಮೇಲೆ ಬ್ಯಾಟರ್ ಹೊಡೆಯುವ ಪ್ರತಿ ರನ್ನೂ ಆಗ ಬಾಲ್ ಹಾಕುತ್ತಿರುವವರ ಖಾತೆಗೆ ಬೀಳುತ್ತೆ. ಬಿಟ್ಟವನು ಕೈ ಒರೆಸಿಕೊಂಡು ತನ್ನ ಜಾಗಕ್ಕೆ ವಾಪಸ್ ಹೋಗುತ್ತಾನೆ, ಅಷ್ಟೇ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಟೂರ್ನಿ ನೋಡಿದವರಿಗೆ ಮುಂದಿನ ಮಾತೂ ಗೊತ್ತು. ಬೌಂಡರಿ ಗೆರೆ ಹೊರಗೆ ಬೈಕ್ ಮೇಲೆ ಕೂತ ಯಾರೋ ಕೂಗುತ್ತಾರೆ: ‘ನಾಕ್ ಓವರಿಗೆ ನಲವತ್ತ ಕೊಟ್ಟಾನ, ಇನ್ನ ಅಂವಗ ಬಾಲ್ ಕೊಡಬ್ಯಾಡ್ರಿ.’ ಕೊಟ್ಟವನು ಯಾರು ಅನ್ನೋದೇ ಈ ಲೇಖನದ ಪ್ರಶ್ನೆ. ಆ ನಲವತ್ತರಲ್ಲಿ ಅವನೇ ಕೊಟ್ಟದ್ದು ಎಷ್ಟು, ಉಳಿದವರು ಅವನ ಹೆಸರಲ್ಲಿ ಕೊಟ್ಟದ್ದು ಎಷ್ಟು? ಕ್ರಿಕೆಟ್ ಈ ಪ್ರಶ್ನೆಯನ್ನು ಕೇಳುವುದಿಲ್ಲ. ಅದರ ದಾಯಾದಿ ಆಟ ಬೇಸ್‌ಬಾಲ್ ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಕೇಳುತ್ತಾ ಬಂದಿದೆ.

ಮೊದಲು ನಮ್ಮ ಆಟದ ಲೆಕ್ಕವನ್ನೇ ನೋಡೋಣ. ಬೌಲರ್‌ನ ಲೆಕ್ಕ ಅಂದ್ರೆ ನಾಲ್ಕು ಅಂಕಿ: ಓವರ್, ಮೇಡನ್, ರನ್, ವಿಕೆಟ್. ನಮ್ಮ ಭಾಗದ ಅತ್ಯಂತ ಚೆಂದದ ಉದಾಹರಣೆ 1999ರ ಸೆಪ್ಟೆಂಬರ್ 26ರದ್ದು. ಶಾಲೆಗೆ ಹೋಗುವ ವಯಸ್ಸಲ್ಲಿ ಬೆಳಗ್ಗೆ ಎದ್ದು ಗದಗದಿಂದ ಹುಬ್ಬಳ್ಳಿಗೆ ಪ್ರಾಕ್ಟೀಸಿಗೆ ಹೋಗಿ, ಶಾಲೆ ಹೊತ್ತಿಗೆ ವಾಪಸ್ ಬರುತ್ತಿದ್ದ ಸುನಿಲ್ ಜೋಶಿ ಅವತ್ತು ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10-6-6-5 ಬರೆಸಿದರು. ಹತ್ತು ಓವರ್, ಅದರಲ್ಲಿ ಆರು ಮೇಡನ್, ಕೊಟ್ಟದ್ದು ಆರೇ ರನ್, ಸಿಕ್ಕಿದ್ದು ಐದು ವಿಕೆಟ್. ಏಕದಿನ ಪಂದ್ಯದಲ್ಲಿ!

ಈ ನಾಲ್ಕು ಅಂಕಿಯಿಂದ ಮೂರು ಅಳತೆ ಹುಟ್ಟುತ್ತವೆ. ರನ್ನನ್ನು ವಿಕೆಟ್‌ನಿಂದ ಭಾಗಿಸಿದರೆ ಸರಾಸರಿ: ಜೋಶಿಯದ್ದು 1.2. ಎಸೆತಗಳನ್ನು ವಿಕೆಟ್‌ನಿಂದ ಭಾಗಿಸಿದರೆ ಸ್ಟ್ರೈಕ್ ರೇಟ್: 60 ಎಸೆತಕ್ಕೆ 5 ಅಂದ್ರೆ 12. ಓವರಿಗೆ ಎಷ್ಟು ರನ್ ಅನ್ನೋದು ಎಕಾನಮಿ: 0.6. ಇವು ಮೂರು ಬೇರೆ ಬೇರೆ ವಿಷಯ ಅಂತ ಕಾಮೆಂಟರಿಯಲ್ಲಿ ಕೇಳಿಸುತ್ತೆ, ಆದರೆ ಎರಡು ಗೊತ್ತಿದ್ದರೆ ಮೂರನೆಯದು ತಾನಾಗಿ ಸಿಗುತ್ತೆ. ಎಕಾನಮಿಯನ್ನು ಸ್ಟ್ರೈಕ್ ರೇಟ್‌ನಿಂದ ಗುಣಿಸಿ ಆರರಿಂದ ಭಾಗಿಸಿ, ಸರಾಸರಿ ಬರುತ್ತೆ. ಹಾಗಾಗಿ ಸರಾಸರಿ ಒಂದೇ ಇರುವ ಇಬ್ಬರು ಬೌಲರ್‌ಗಳು ಪೂರ್ತಿ ಬೇರೆ ಥರದವರಿರಬಹುದು: ಒಬ್ಬರು ರನ್ ಬಿಗಿ ಹಿಡಿದು ಕಾಯುವವರು, ಇನ್ನೊಬ್ಬರು ರನ್ ಹೋದರೂ ವಿಕೆಟ್ ಕೀಳುವವರು. ಇದನ್ನು ಬ್ಯಾಡಗಿಯವರಿಗೆ ವಿವರಿಸಬೇಕಾಗಿಲ್ಲ. ಅಲ್ಲಿನ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಗೆ ಬೆಲೆ ಬರುವುದು ಬಣ್ಣಕ್ಕೆ, ಖಾರಕ್ಕಲ್ಲ. ಖಾರದ ಅಳತೆ ಹಿಡಿದುಕೊಂಡು ಹೋದವರಿಗೆ ಬ್ಯಾಡಗಿ ಕಾಯಿ ಸಪ್ಪೆ ಅನ್ನಿಸುತ್ತೆ.

ಸ್ಕೋರ್‌ಬುಕ್ಕಿನ ಚುಕ್ಕಿಯ ಬಗ್ಗೆಯೂ ಒಂದು ಮಾತು. ಅನಿಲ್ ಕುಂಬ್ಳೆ 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಕಿತ್ತ ಲೆಕ್ಕ 26.3-9-74-10. ಈ 26.3 ಅಂದ್ರೆ ಇಪ್ಪತ್ತಾರು ಓವರ್ ಮೂರು ಎಸೆತ, ಗಣಿತದ ದಶಮಾಂಶ ಅಲ್ಲ. ಗಣಿತದಲ್ಲಿ ಅದು 26.5. ಬೇಸ್‌ಬಾಲ್‌ನಲ್ಲೂ ಇದೇ ಚುಕ್ಕಿ ಇದೆ: 6.1 ಇನಿಂಗ್ಸ್ ಅಂದ್ರೆ ಆರು ಇನಿಂಗ್ಸ್ ಮತ್ತು ಮೂರನೇ ಒಂದು ಭಾಗ. ದೊಡ್ಡ ಲೆಕ್ಕದಲ್ಲಿ ಇದರಿಂದ ಹೆಚ್ಚೇನೂ ಆಗಲ್ಲ. ಆದರೆ 3.5 ಓವರಿಗೆ 30 ರನ್ ಕೊಟ್ಟ ಹುಡುಗನ ಎಕಾನಮಿಯನ್ನು ಯಾರಾದರೂ ಎಕ್ಸೆಲ್‌ನಲ್ಲಿ 30 ಭಾಗಿಸು 3.5 ಅಂತ ಹಾಕಿದರೆ 8.57 ಬರುತ್ತೆ. ಅಸಲಿಗೆ ಅದು 23 ಎಸೆತ, 7.83. ಇಂಥ ಪುಟ್ಟ ಎಕ್ಸೆಲ್ ಶೀಟಿನ ಮೇಲೆ ‘ಬೆಸ್ಟ್ ಬೌಲರ್’ ಟ್ರೋಫಿ ಕೈ ಬದಲಾಯಿಸಬಹುದು.

ಯಾರ ಖಾತೆಗೆ ಏನು?

ಈಗ ನಿಯಮ. ಬ್ಯಾಟಿನಿಂದ ಬಂದ ರನ್ ಎಲ್ಲವೂ ಬೌಲರ್‌ ಖಾತೆಗೆ. ವೈಡ್, ನೋಬಾಲ್ ಕೂಡ ಬೌಲರ್ ಖಾತೆಗೆ. ಬೈ ಮತ್ತು ಲೆಗ್‌ಬೈ ಮಾತ್ರ ಹೊರಗೆ. ಹಾಗಾಗಿಯೇ ಮೇಡನ್ ಓವರಿನಲ್ಲೂ ಎದುರಾಳಿ ತಂಡ ನಾಲ್ಕು ಬೈ ಓಡಿರಬಹುದು. ವಿಕೆಟ್ ವಿಷಯದಲ್ಲಿ ಬೌಲ್ಡ್, ಕ್ಯಾಚ್, ಎಲ್‌ಬಿಡಬ್ಲ್ಯೂ, ಸ್ಟಂಪಿಂಗ್, ಹಿಟ್ ವಿಕೆಟ್ ಬೌಲರ್‌ಗೆ ಸಿಗುತ್ತವೆ. ರನೌಟ್ ಸಿಗಲ್ಲ. ಕುಂಬ್ಳೆಗೆ ಒಂಬತ್ತು ವಿಕೆಟ್ ಆದ ಮೇಲೆ ಮೈದಾನದಲ್ಲಿದ್ದ ಭಯ ಇದೇ. ಇನ್ನೊಂದು ತುದಿಯಲ್ಲಿ ಜಾವಗಲ್ ಶ್ರೀನಾಥ್ ತಮಗೆ ವಿಕೆಟ್ ಬೀಳದಿರಲಿ ಅಂತ ಬೇಕಂತಲೇ ಸ್ಟಂಪ್‌ನಿಂದ ದೂರ ಹಾಕಿದರು. ಗೆಳೆಯನ ದಾಖಲೆಗಾಗಿ ತನ್ನ ಲೆಕ್ಕ ಕೆಡಿಸಿಕೊಳ್ಳುವುದನ್ನು ಬರೆಯೋಕೂ ಸ್ಕೋರ್‌ಬುಕ್ಕಿನಲ್ಲಿ ಅಂಕಣ ಇಲ್ಲ.

ಈ ನಿಯಮಗಳು ಆಕಾಶದಿಂದ ಇಳಿದವಲ್ಲ, ಬದಲಾಗಿವೆ. 1980ರ ದಶಕದ ಮಧ್ಯದವರೆಗೆ ವೈಡ್, ನೋಬಾಲ್‌ಗಳನ್ನು ಬೌಲರ್ ಖಾತೆಗೆ ಹಾಕುತ್ತಿರಲಿಲ್ಲ. ತಂಡದ ಎಕ್ಸ್‌ಟ್ರಾ ಲೆಕ್ಕದಲ್ಲಿ ಮಾತ್ರ ಸೇರುತ್ತಿದ್ದವು. ಇದರಿಂದ ಏನಾಗುತ್ತೆ ನೋಡಿ. ಕರ್ನಾಟಕದ ಇಬ್ಬರು ಮಹಾ ಲೆಗ್ ಸ್ಪಿನ್ನರ್‌ಗಳು ಬಿ.ಎಸ್. ಚಂದ್ರಶೇಖರ್ ಮತ್ತು ಕುಂಬ್ಳೆ. ಚಂದ್ರ ಅವರದ್ದು 58 ಟೆಸ್ಟ್, 242 ವಿಕೆಟ್, ಸರಾಸರಿ 29.74. ಕುಂಬ್ಳೆಯದ್ದು 132 ಟೆಸ್ಟ್, 619 ವಿಕೆಟ್, ಸರಾಸರಿ 29.65. ಸ್ಟ್ರೈಕ್ ರೇಟ್ ನೋಡಿದರೆ ಇಬ್ಬರದ್ದೂ ಹೆಚ್ಚು ಕಡಿಮೆ 66. ಕುಂಬ್ಳೆ ಕೂದಲೆಳೆಯಷ್ಟು ಮುಂದೆ ಅನ್ನಿಸುತ್ತೆ. ಆದರೆ ಚಂದ್ರ ಆಡಿದ್ದು 1979ರವರೆಗೆ. ಅವರ ರನ್ ಲೆಕ್ಕದಲ್ಲಿ ವೈಡೂ ಇಲ್ಲ, ನೋಬಾಲೂ ಇಲ್ಲ. 1990ರಲ್ಲಿ ಶುರು ಮಾಡಿದ ಕುಂಬ್ಳೆಯ ಲೆಕ್ಕದಲ್ಲಿ ಎರಡೂ ಇವೆ. ಎರಡು ಬೇರೆ ತಕ್ಕಡಿಯಲ್ಲಿ ತೂಗಿದ್ದನ್ನು ಎರಡನೇ ದಶಮಾಂಶದವರೆಗೆ ಹೋಲಿಸಿ ವಾದ ಮಾಡುತ್ತೇವೆ. (ಚಂದ್ರ ಟೆಸ್ಟ್‌ನಲ್ಲಿ ಒಟ್ಟು ಹೊಡೆದ ರನ್ 167, ಅಂದ್ರೆ ತೆಗೆದ ವಿಕೆಟ್‌ಗಿಂತ ಕಡಿಮೆ. ಈ ಅಂಕಿಗೆ ಯಾವ ತಿದ್ದುಪಡಿಯೂ ಬೇಡ.)

ಈಗ ಒಂದು ಓವರ್ ಹಾಕೋಣ. ಹಾವೇರಿಯಲ್ಲಿ ಲೆದರ್ ಬಾಲ್ ಪಂದ್ಯ, ರಾಣೆಬೆನ್ನೂರಿನ ಒಬ್ಬಳು ಆಫ್ ಸ್ಪಿನ್ನರ್ ಅಂತ ಕಲ್ಪಿಸಿಕೊಳ್ಳಿ. ಮೊದಲ ಎಸೆತಕ್ಕೆ ಒಂದು ರನ್. ಎರಡನೆಯದಕ್ಕೆ ಸಿಂಗಲ್ ಓಡುತ್ತಾರೆ, ಪಾಯಿಂಟ್‌ನಲ್ಲಿದ್ದವಳು ಸ್ಟಂಪಿಗೆ ಎಸೆದದ್ದು ಓವರ್‌ಥ್ರೋ ಆಗಿ ಬೌಂಡರಿ ದಾಟುತ್ತೆ: ಐದು ರನ್, ಐದೂ ಸ್ಪಿನ್ನರ್ ಖಾತೆಗೆ. ಮುಂದಿನದು ಲೆಗ್ ಸೈಡ್‌ಗೆ ಚೂರು ಹೊರಗೆ, ಅಂಪೈರ್ ವೈಡ್ ಕೊಡುತ್ತಾರೆ, ಕೀಪರ್ ಕೈಗೂ ಸಿಗದೆ ಗೆರೆ ದಾಟುತ್ತೆ: ಐದು ವೈಡ್, ಐದೂ ಅವಳದ್ದೇ. ಮತ್ತೆ ಹಾಕಿದ ಮೂರನೇ ಎಸೆತ ಬ್ಯಾಟರ್‌ನ ತಪ್ಪಿಸಿ, ಕೀಪರ್‌ನ ಕಾಲ ಸಂದಿಯಿಂದ ಬೌಂಡರಿಗೆ: ನಾಲ್ಕು ಬೈ, ಅವಳಿಗೆ ಸೊನ್ನೆ. ಎರಡೂ ಸಲ ಬಿಟ್ಟದ್ದು ಅದೇ ಕೀಪರ್. ಒಂದು ಸಲ ಬೌಲರ್ ಪೂರ್ತಿ ದಂಡ ಕಟ್ಟಿದಳು, ಇನ್ನೊಂದು ಸಲ ಪೈಸೆ ಕಟ್ಟಲಿಲ್ಲ. ನಾಲ್ಕನೆಯದು ಲಾಂಗ್ ಆನ್‌ನಲ್ಲಿ ಎದೆಗೆ ಬಂದ ಕ್ಯಾಚ್. ಬಿಟ್ಟರು, ಎರಡು ರನ್. ಐದನೆಯದು ಲೆಗ್‌ಬೈ ಒಂದು. ಆರನೆಯದು ನೇರ ಬಾರಿಸಿದ್ದು ಅವಳ ಬೆರಳಿಗೆ ತಗುಲಿ ನಾನ್ ಸ್ಟ್ರೈಕರ್ ಕಡೆಯ ಸ್ಟಂಪಿಗೆ ಬೀಳುತ್ತೆ, ನಾನ್ ಸ್ಟ್ರೈಕರ್ ಕ್ರೀಸಿನಿಂದ ಹೊರಗಿದ್ದಾಳೆ. ರನೌಟ್. ಬೆರಳು ಬೌಲರ್‌ದು, ವಿಕೆಟ್ ಬೌಲರ್‌ದಲ್ಲ.

ತಂಡ ಕೊಟ್ಟದ್ದು 18. ಅವಳ ಲೆಕ್ಕ: ಒಂದು ಓವರ್, 13 ರನ್, ವಿಕೆಟ್ ಇಲ್ಲ. ಓವರ್‌ಥ್ರೋದ ನಾಲ್ಕು, ವೈಡ್ ಮೇಲೆ ಕೀಪರ್ ಬಿಟ್ಟ ನಾಲ್ಕು, ಕ್ಯಾಚ್ ಬಿಟ್ಟಾಗಿನ ಎರಡು ತೆಗೆದು ನೋಡಿ. 3 ರನ್, 1 ವಿಕೆಟ್. ಮನೆಗೆ ಹೋಗಿ ‘13ಕ್ಕೆ 0’ ಅಂತ ಹೇಳಬೇಕಾದ ಹುಡುಗಿ ಹಾಕಿದ್ದು ‘3ಕ್ಕೆ 1’ರ ಓವರ್.

ಬೇಸ್‌ಬಾಲ್ ಹಿಡಿದ ದಾರಿ

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಎರಡೇ ಮಾತು. ಬಾಲ್ ಎಸೆಯುವವರು ಪಿಚರ್. ಮೂರು ಔಟ್ ಆದರೆ ಒಂದು ಇನಿಂಗ್ಸ್ ಮುಗಿಯಿತು, ಅಂಥವು ಪ್ರತಿ ತಂಡಕ್ಕೆ ಒಂಬತ್ತು. ಹೊಡೆದವರು ಮೂರು ಬೇಸ್ ದಾಟಿ ಮನೆ ಮುಟ್ಟಿದರೆ ಒಂದು ರನ್.

ಈ ಆಟದ ಲೆಕ್ಕದ ಪದ್ಧತಿಗೆ ಅಡಿಪಾಯ ಹಾಕಿದವರು ಹೆನ್ರಿ ಚಾಡ್ವಿಕ್. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ, ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದ ಮನುಷ್ಯ. ಕ್ರಿಕೆಟ್‌ನ ಸ್ಕೋರ್‌ಕಾರ್ಡನ್ನೇ ಬೇಸ್‌ಬಾಲ್‌ಗೆ ಒಗ್ಗಿಸಿದರು. ಆದರೆ ನಮ್ಮಲ್ಲಿಲ್ಲದ ಒಂದು ಅಂಕಣ ಅಲ್ಲಿ ಗಟ್ಟಿಯಾಯಿತು: ಎರರ್, ಅಂದ್ರೆ ಫೀಲ್ಡರ್‌ನ ತಪ್ಪು. ಸಾಧಾರಣ ಪ್ರಯತ್ನದಿಂದ ಹಿಡಿಯಬಹುದಾಗಿದ್ದ ಚೆಂಡನ್ನು ಬಿಟ್ಟರೆ ಅದು ಫೀಲ್ಡರ್ ಹೆಸರಿಗೆ ದಾಖಲಾಗುತ್ತೆ. ಆ ತಪ್ಪು ಆಗದಿದ್ದರೆ ಬರುತ್ತಲೇ ಇರಲಿಲ್ಲ ಅನ್ನಬಹುದಾದ ರನ್‌ಗಳನ್ನು ಪಿಚರ್ ಖಾತೆಯಿಂದ ಕಳೆಯುತ್ತಾರೆ. ಉಳಿದವು ‘ಅರ್ನ್ಡ್ ರನ್’, ಪಿಚರ್ ತಾನೇ ಸಂಪಾದಿಸಿದ ಪಾಪ ಅನ್ನಿ. ಅದನ್ನು ಒಂಬತ್ತರಿಂದ ಗುಣಿಸಿ, ಎಸೆದ ಇನಿಂಗ್ಸ್‌ನಿಂದ ಭಾಗಿಸಿದರೆ ಇಆರ್‌ಎ, ಅರ್ನ್ಡ್ ರನ್ ಆವರೇಜ್. 200 ಇನಿಂಗ್ಸ್‌ನಲ್ಲಿ 60 ಅರ್ನ್ಡ್ ರನ್ ಕೊಟ್ಟರೆ 2.70. ಅಮೆರಿಕದ ದೊಡ್ಡ ಲೀಗ್‌ಗಳು 1912 ಮತ್ತು 1913ರಲ್ಲಿ ಇದನ್ನು ಅಧಿಕೃತ ಮಾಡಿದವು.

ಇನ್ನೊಂದು ನಿಯಮ ನಮಗೆ ಬೇಗ ಅರ್ಥವಾಗುತ್ತೆ. ಒಬ್ಬ ಪಿಚರ್ ಬೇಸ್‌ಗಳ ಮೇಲೆ ಎದುರಾಳಿ ರನ್ನರ್‌ಗಳನ್ನು ಬಿಟ್ಟು ಹೊರಹೋಗುತ್ತಾನೆ, ಹೊಸಬ ಬರುತ್ತಾನೆ. ಹೊಸಬನ ಎಸೆತಕ್ಕೆ ಆ ರನ್ನರ್‌ಗಳು ಮನೆ ಮುಟ್ಟಿದರೂ ರನ್ ಬೀಳುವುದು ಹಳಬನ ಖಾತೆಗೆ. ‘ಇದು ಹಿಂದಿನ ಸರ್ಕಾರ ಮಾಡಿಟ್ಟ ಸಾಲ’ ಅಂತ ಪ್ರತಿ ಬಜೆಟ್‌ನಲ್ಲೂ ಕೇಳಿ ಬೆಳೆದವರು ನಾವು. ಒಂದೇ ವ್ಯತ್ಯಾಸ, ಅಲ್ಲಿ ಯಾವ ರನ್ನರ್ ಯಾರ ಕಾಲದಲ್ಲಿ ಬೇಸ್ ಹತ್ತಿದ ಅನ್ನೋದಕ್ಕೆ ಪೆನ್ಸಿಲ್ಲಿನಲ್ಲಿ ಬರೆದ ದಾಖಲೆ ಇರುತ್ತೆ.

ಹಾಗಾದ್ರೆ ಬೇಸ್‌ಬಾಲ್ ನ್ಯಾಯವಾಯಿತಾ? ಇಲ್ಲ, ಅಲ್ಲಿ ಜಗಳ ಬೇರೆ ಕಡೆಗೆ ಹೋಯಿತು. ಎರರ್ ಹೌದೋ ಅಲ್ಲವೋ ಅಂತ ತೀರ್ಮಾನಿಸುವವರು ಅಧಿಕೃತ ಸ್ಕೋರರ್. ಚೆಂಡು ಪಿಚರ್‌ನಿಂದಲೇ ಅಡ್ಡಾದಿಡ್ಡಿ ಹೋದದ್ದಾ, ಕ್ಯಾಚರ್ ಹಿಡಿಯಬೇಕಾಗಿದ್ದದ್ದಾ ಅನ್ನೋದೂ ಅವರದ್ದೇ ತೀರ್ಪು. ನಮ್ಮ ಐದು ವೈಡ್‌ನ ಎಸೆತವನ್ನು ನೆನಪಿಸಿಕೊಳ್ಳಿ, ಇಬ್ಬರು ಸ್ಕೋರರ್‌ಗಳು ಎರಡು ಥರ ಹೇಳಬಹುದು. ತುಂಬ ವರ್ಷ ಈ ಕೆಲಸ ಮಾಡಿದವರು ಆ ತಂಡವನ್ನೇ ಹಿಂಬಾಲಿಸಿ ಬರೆಯುವ ಪತ್ರಕರ್ತರು. ನಾಳೆ ಡ್ರೆಸಿಂಗ್ ರೂಮಿಗೆ ಹೋಗಿ ಆಟಗಾರರ ಹತ್ತಿರ ಎರಡು ಮಾತು ಕೇಳಬೇಕಾದವರು ಇವತ್ತು ಅವರ ಮೇಲೆ ತೀರ್ಪು ಬರೆಯಬೇಕು. ನನ್ನ ವೃತ್ತಿಯವರಿಗೆ ಈ ಸಂಕಟ ಚೆನ್ನಾಗಿ ಗೊತ್ತು.

ನಿಯಮ ಇನ್ನೊಂದು ಅತಿಗೂ ಹೋಗುತ್ತೆ. ಎರಡು ಔಟ್ ಆಗಿದೆ, ಮೂರನೇ ಸುಲಭದ ಕ್ಯಾಚ್ ಬಿಟ್ಟರು ಅನ್ನಿ. ಹಿಡಿದಿದ್ದರೆ ಇನಿಂಗ್ಸ್ ಮುಗಿಯುತ್ತಿತ್ತು. ಹಾಗಾಗಿ ಆಮೇಲೆ ಅದೇ ಪಿಚರ್ ಸಾಲಾಗಿ ಮೂರು ಹೋಮ್ ರನ್ ಹೊಡೆಸಿಕೊಂಡರೂ ಅವನ ಇಆರ್‌ಎಗೆ ಒಂದೂ ಸೇರಲ್ಲ! ಕ್ರಿಕೆಟ್ ಎಲ್ಲ ತಪ್ಪನ್ನೂ ಬೌಲರ್ ತಲೆಗೆ ಕಟ್ಟಿದರೆ, ಇದು ಒಂದು ತಪ್ಪಿನ ನೆಪದಲ್ಲಿ ಪೂರ್ತಿ ಮಾಫಿ.

ಗೆಲುವು ಸೋಲನ್ನೂ ಅವರು ಪಿಚರ್ ಹೆಸರಿಗೆ ಬರೆಯುತ್ತಾರೆ. ಶುರು ಮಾಡಿದ ಪಿಚರ್ ಕನಿಷ್ಠ ಐದು ಇನಿಂಗ್ಸ್ ಎಸೆದು, ತಂಡ ಮುಂದಿರುವಾಗ ಹೊರಬಂದು, ಆ ಮುನ್ನಡೆ ಕೊನೆವರೆಗೂ ಉಳಿದರೆ ಗೆಲುವು ಅವನದ್ದು. ತಂಡದ ಬ್ಯಾಟರ್‌ಗಳು ನಿದ್ದೆ ಮಾಡಿದರೆ ಪಿಚರ್ ಏನು ಮಾಡಬೇಕು? 2018ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡದ ಜೇಕಬ್ ಡಿಗ್ರಾಮ್ ಇಆರ್‌ಎ 1.70, ಆದರೆ ಗೆಲುವು 10, ಸೋಲು 9. ಹಳೇ ಕಾಲವಾಗಿದ್ದರೆ ಸಾಧಾರಣ ಪಿಚರ್ ಅಂತ ಪಕ್ಕಕ್ಕಿಡುತ್ತಿದ್ದರು. ಆ ವರ್ಷ ಅವರ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಅವರಿಗೇ ಬಂತು. ಅಂಕಿ ಓದುವವರು ಬೆಳೆದಿದ್ದರು. ಅದಕ್ಕೂ ಮೊದಲೇ, 2001ರಲ್ಲಿ, ವೊರೊಸ್ ಮೆಕ್‌ಕ್ರ್ಯಾಕನ್ ಅನ್ನುವ ವಿಶ್ಲೇಷಕ ಒಂದು ಹೆಜ್ಜೆ ಮುಂದೆ ಹೋಗಿದ್ದರು: ಬ್ಯಾಟಿಗೆ ತಗುಲಿ ಮೈದಾನದೊಳಗೆ ಬಿದ್ದ ಚೆಂಡು ಏನಾಗುತ್ತೆ ಅನ್ನೋದರ ಮೇಲೆ ಪಿಚರ್‌ಗೆ ಹಿಡಿತ ಬಹಳ ಕಡಿಮೆ. ಫೀಲ್ಡರ್ ಕೈಯೇ ಇಲ್ಲದ ಸ್ಟ್ರೈಕೌಟ್, ವಾಕ್, ಹೋಮ್ ರನ್ ಇಷ್ಟನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವ ಎಫ್‌ಐಪಿ ಅನ್ನುವ ಅಳತೆ ಹುಟ್ಟಿದ್ದು ಈ ಯೋಚನೆಯಿಂದ.

ಸಣ್ಣ ಊರಿನ ಸಣ್ಣ ಲೆಕ್ಕ

ನಮ್ಮಲ್ಲಿ? 2014ರ ನವೆಂಬರ್ 13ರಂದು ಕೋಲ್ಕತ್ತದಲ್ಲಿ ರೋಹಿತ್ ಶರ್ಮ 4 ರನ್ ಆಗಿದ್ದಾಗ ಶ್ರೀಲಂಕಾದ ತಿಸಾರ ಪೆರೇರ ಕ್ಯಾಚ್ ಬಿಟ್ಟರು. ರೋಹಿತ್ 264 ಹೊಡೆದರು. ಮಿಕ್ಕ 260 ರನ್ ಶ್ರೀಲಂಕಾದ ಬೌಲರ್‌ಗಳಿಗೆ ಹಂಚಿಹೋಯಿತು. ಸ್ಕೋರ್‌ಕಾರ್ಡ್ ಎಷ್ಟು ಸಲ ನೋಡಿದರೂ ಆ ಕ್ಯಾಚ್ ಕಾಣಿಸಲ್ಲ.

ಇನ್ನು ರಾಣೆಬೆನ್ನೂರಿನ ಪಕ್ಕದ ದಾವಣಗೆರೆಯ ವಿನಯ್ ಕುಮಾರ್. 2013ರ ನವೆಂಬರ್ 2, ಚಿನ್ನಸ್ವಾಮಿ ಕ್ರೀಡಾಂಗಣ, ಆಸ್ಟ್ರೇಲಿಯಾ ವಿರುದ್ಧ 9-0-102-1. ಏಕದಿನ ಪಂದ್ಯದಲ್ಲಿ ನೂರು ರನ್ ಕೊಟ್ಟ ಮೊದಲ ಭಾರತೀಯ ಬೌಲರ್. ಎರಡೂ ತಂಡ ಸೇರಿ 709 ರನ್, 38 ಸಿಕ್ಸರ್ ಬಂದ ಪಂದ್ಯ ಅದು. ಹಾಗಂತ ಸಮರ್ಥನೆ ಬೇಡ: ಆಸ್ಟ್ರೇಲಿಯಾದ 326ರಲ್ಲಿ ಮಿಕ್ಕವರು ಓವರಿಗೆ ಆರು ಚಿಲ್ಲರೆ ಕೊಟ್ಟಾಗ ವಿನಯ್ ಹನ್ನೊಂದು ಚಿಲ್ಲರೆ ಕೊಟ್ಟರು, ಕೆಟ್ಟ ದಿನವೇ. ಭಾರತ ಗೆದ್ದಿತು, ವಿನಯ್ ಮತ್ತೆ ಏಕದಿನ ಪಂದ್ಯ ಆಡಲಿಲ್ಲ. ಮೂರು ತಿಂಗಳಲ್ಲಿ ಅದೇ ಮನುಷ್ಯ ನಾಯಕನಾಗಿ ಕರ್ನಾಟಕಕ್ಕೆ ರಣಜಿ ಟ್ರೋಫಿ ತಂದರು. ಮರುವರ್ಷ ಮತ್ತೆ ಗೆದ್ದಾಗ ಮುಂಬೈನಲ್ಲಿ ತಮಿಳುನಾಡು ವಿರುದ್ಧದ ಫೈನಲ್‌ನಲ್ಲಿ 34ಕ್ಕೆ 5 ವಿಕೆಟ್, ಮೇಲೆ ಅಜೇಯ ಶತಕ. ಇವತ್ತಿಗೂ ಹೆಸರು ಹುಡುಕಿದರೆ ಮೊದಲು ಎದುರಾಗುವ ಅಂಕಿಗಳಲ್ಲಿ ಆ 102 ಇರುತ್ತೆ.

ವಿನಯ್‌ಗೆ ಉತ್ತರ ಕೊಡೋಕೆ ಉಳಿದ ಸಾವಿರಾರು ಓವರ್ ಇದ್ದವು. ನಮ್ಮ ಆಫ್ ಸ್ಪಿನ್ನರ್‌ಗೆ ಇಲ್ಲ. ಅಸಲಿ ಸಮಸ್ಯೆ ಇದು, ಇದು ಬರೀ ಗಣಿತ. ಕುಂಬ್ಳೆ ಟೆಸ್ಟ್‌ನಲ್ಲಿ ಹಾಕಿದ್ದು 40,850 ಎಸೆತ, ಕೊಟ್ಟದ್ದು 18,355 ರನ್. ಮೇಲಿನ ಥರದ ಒಂದು ಓವರಿನ ಅನ್ಯಾಯ ಸರಿಪಡಿಸಿ ಹತ್ತು ರನ್ ಕಳೆದು ಒಂದು ವಿಕೆಟ್ ಕೂಡಿಸಿದರೆ ಅವರ ಸರಾಸರಿ 29.65ರಿಂದ 29.59 ಆಗುತ್ತೆ. ಗೊತ್ತೂ ಆಗಲ್ಲ. ನಮ್ಮ ಹುಡುಗಿಗೆ ಇಡೀ ಸೀಸನ್‌ನಲ್ಲಿ ಸಿಕ್ಕಿದ್ದು ಆರು ಪಂದ್ಯ, ಪಂದ್ಯಕ್ಕೆ ನಾಲ್ಕು ಓವರ್, 120 ರನ್ನಿಗೆ 5 ವಿಕೆಟ್ ಅಂತಿಟ್ಟುಕೊಳ್ಳಿ. ಸರಾಸರಿ 24. ಅದೇ ಒಂದು ಓವರ್ ಸರಿಪಡಿಸಿದರೆ 110ಕ್ಕೆ 6, ಸರಾಸರಿ 18.33. ಒಂದೇ ಓವರ್! ಹೆಚ್ಚು ಆಡುವವರ ಲೆಕ್ಕದಲ್ಲಿ ಇತರರ ತಪ್ಪು ಕರಗಿಹೋಗುತ್ತೆ, ಕಡಿಮೆ ಆಡುವವರ ಲೆಕ್ಕದಲ್ಲಿ ಅದೇ ತಪ್ಪು ಹಣೆಬರಹವಾಗುತ್ತೆ. ಕಡಿಮೆ ಆಡುವವರು ಯಾರು? ಹತ್ತಿರದಲ್ಲಿ ಟರ್ಫ್ ಪಿಚ್ ಇಲ್ಲದ ಊರಿನವರು, ಹುಬ್ಬಳ್ಳಿಗೆ ದಿನಾ ಹೋಗಿಬರಲು ಬಸ್ ಚಾರ್ಜ್ ಹೊಂದಿಸಬೇಕಾದವರು, ಅದರಲ್ಲೂ ಹುಡುಗಿಯರು. ಕಲ್ಲು ಮಣ್ಣಿನ ಔಟ್‌ಫೀಲ್ಡ್‌ನಲ್ಲಿ ಚೆಂಡು ಪುಟಿದು ಫೀಲ್ಡರ್‌ನ ಭುಜದ ಮೇಲೆ ಹಾರಿಹೋಗುವುದೂ ಅವರಿಗೇ ಹೆಚ್ಚು. ಟಿವಿಯಲ್ಲಿ ಬರುವ ಪಂದ್ಯಗಳಿಗೆ ಬಾಲ್ ಟ್ರ್ಯಾಕಿಂಗ್ ಇದೆ, ಪ್ರತಿ ಎಸೆತ ಎಲ್ಲಿ ಬಿತ್ತು ಅಂತ ಅಳೆಯುವವರಿದ್ದಾರೆ. ಹಾವೇರಿಯ ಪಂದ್ಯಕ್ಕೆ ಇರುವುದು ಮೊಬೈಲ್ ಆ್ಯಪಿನ ಸ್ಕೋರ್‌ಕಾರ್ಡ್ ಮತ್ತು ಅದರ ಸ್ಕ್ರೀನ್‌ಶಾಟ್. ಟ್ರಯಲ್ಸ್‌ಗೆ ಹೋಗುವಾಗ ಆಟಗಾರರ ಜೊತೆ ಹೋಗುವುದೂ ಅದೇ.

ಟೆನಿಸ್ ಬಾಲ್ ಟೂರ್ನಿಗಳ ಕಥೆ ಇನ್ನೂ ಒಂದು ಕೈ ಮೇಲೆ. ಬಹುತೇಕ ಕಡೆ ಎಲ್‌ಬಿಡಬ್ಲ್ಯೂ ಇಲ್ಲ. ಕುಂಬ್ಳೆಯ ವಿಕೆಟ್‌ಗಳಲ್ಲಿ ಎಲ್‌ಬಿಡಬ್ಲ್ಯೂಗಳದ್ದು ದೊಡ್ಡ ಪಾಲು. ಬರೀ ಟೆನಿಸ್ ಬಾಲ್‌ನಲ್ಲೇ ಬೆಳೆದಿದ್ದರೆ ಅವರನ್ನೂ ‘ವಿಕೆಟ್ ಬೀಳಲ್ಲ, ಬರೀ ಪ್ಯಾಡಿಗೆ ಹಾಕ್ತಾನ’ ಅಂತ ಕೂರಿಸುತ್ತಿದ್ದರೇನೋ.

ಬೇಸ್‌ಬಾಲ್‌ನ ಇಡೀ ಪದ್ಧತಿ ತಂದು ಹಾಕಬೇಕು ಅಂತ ನಾನು ಹೇಳುತ್ತಿಲ್ಲ. ಅವರ ಮಾಫಿ ಪದ್ಧತಿ ನನಗೆ ಒಪ್ಪಿಗೆಯೂ ಇಲ್ಲ. ಆದರೆ ಸ್ಕೋರ್‌ಬುಕ್ಕಿನ ಬೌಲಿಂಗ್ ಪುಟದಲ್ಲಿ ಪೆನ್ನಿನಿಂದ ಎರಡು ಗೆರೆ ಎಳೆಯೋಕೆ ಯಾರ ಅನುಮತಿಯೂ ಬೇಕಾಗಿಲ್ಲ. ಒಂದರಲ್ಲಿ ಬಿಟ್ಟ ಕ್ಯಾಚ್, ಇನ್ನೊಂದರಲ್ಲಿ ಫೀಲ್ಡರ್ ಅಥವಾ ಕೀಪರ್ ತಪ್ಪಿನಿಂದ ಹೆಚ್ಚುವರಿ ಹೋದ ರನ್. ಅಧಿಕೃತ ಲೆಕ್ಕ ಹಾಗೇ ಇರಲಿ, 13ಕ್ಕೆ 0. ಪಕ್ಕದಲ್ಲಿ: ಬಿಟ್ಟ ಕ್ಯಾಚ್ 1, ಫೀಲ್ಡಿಂಗ್ ರನ್ 8. (ಕ್ಯಾಚ್ ಬಿಟ್ಟಾಗಿನ ಎರಡು ರನ್ನನ್ನು ಇಲ್ಲಿ ಸೇರಿಸಬೇಡಿ, ಅದು ಮೊದಲ ಅಂಕಣದಲ್ಲೇ ಅರ್ಥವಾಗುತ್ತೆ.) ನೋಡುವವರು ತಾವೇ ತೂಗಿಕೊಳ್ಳಲಿ.

‘ಹಿಡಿಯಬಹುದಾಗಿದ್ದ ಕ್ಯಾಚ್’ ಅಂತ ಹೇಳೋರು ಯಾರು, ಅಲ್ಲೂ ನಮ್ಮವರು ತಮ್ಮವರು ಅಂತ ಶುರುವಾಗಲ್ವಾ ಅಂತ ನೀವು ಕೇಳಬಹುದು. ಆಗುತ್ತೆ. ಆದರೆ ಅದಕ್ಕೆ ವ್ಯವಸ್ಥೆ ಕ್ರಿಕೆಟ್ ನಿಯಮದಲ್ಲೇ ಇದೆ. ಮೂರನೇ ನಿಯಮದ ಪ್ರಕಾರ ಪಂದ್ಯಕ್ಕೆ ಇಬ್ಬರು ಸ್ಕೋರರ್‌ಗಳಿರಬೇಕು, ಆಗಾಗ ಇಬ್ಬರೂ ತಮ್ಮ ಲೆಕ್ಕ ತಾಳೆ ನೋಡಿಕೊಳ್ಳಬೇಕು. ತಂಡಕ್ಕೊಬ್ಬರಂತೆ ಅಕ್ಕಪಕ್ಕ ಕೂರಿಸಿ. ಇಬ್ಬರೂ ಒಪ್ಪಿದರೆ ಆ ಅಂಕಣದಲ್ಲಿ ಒಂದು ಗೀಟು ಎಳೆಯಲಿ, ಒಪ್ಪದಿದ್ದರೆ ಖಾಲಿ ಬಿಟ್ಟು ಮುಂದಿನ ಎಸೆತಕ್ಕೆ ಹೋಗಲಿ.